ಎರಡು ಬೆರಳು ಸಡಿಲ

ಆ ಪತ್ರದಲ್ಲಿ ಒಟ್ಟು ಹನ್ನೊಂದು ಸಾಲುಗಳಿದ್ದವು. ಹತ್ತು ಸಾಲುಗಳು ಸಾಧುಪ್ರಾಣಿಗಳಂತೆ ತಮ್ಮ ಪಾಡಿಗೆ ತಾವಿದ್ದವು. ತಂಟೆಯೆಲ್ಲ ಎಂಟನೆಯದ್ದು.

ಪತ್ರ ಬಂದದ್ದು ಊರಾಚೆಯ ರೇಸ್ ಟ್ರ್ಯಾಕಿನಿಂದ. ತಿಂಗಳಿಗೊಂದು ಭಾನುವಾರ ಅಲ್ಲಿ ಸಾಮಾನ್ಯ ಜನರೂ ತಮ್ಮ ತಮ್ಮ ಕಾರು ತಂದು ಇಪ್ಪತ್ತು ನಿಮಿಷ ಮನಸೋಇಚ್ಛೆ ಓಡಿಸಬಹುದಿತ್ತು. ಎಂಟನೆಯ ಸಾಲು ಹೀಗಿತ್ತು: 'ಚಾಲಕರು ಕಾರ್ ರೇಸಿಗೆಂದೇ ತಯಾರಾದ, ತಮ್ಮ ತಲೆಯ ಅಳತೆಗೆ ಸರಿಯಾಗಿ ಕೂರುವ ಹೆಲ್ಮೆಟನ್ನು ತಾವೇ ತರತಕ್ಕದ್ದು. ದ್ವಿಚಕ್ರ ವಾಹನದ ಹೆಲ್ಮೆಟ್ ನಡೆಯುವುದಿಲ್ಲ.'

ಈ ಪತ್ರ ಪಡೆದ ಮಹಾನುಭಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದೀಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು 'ನಲವತ್ತು'. ಕೆಲಸ, ರಸ್ತೆ ಬದಿಯ ಫಲಕ ತಯಾರಿಸುವ ಕಾರ್ಖಾನೆಯಲ್ಲಿ. 'ಮುಂದೆ ತಿರುವಿದೆ', 'ಶಾಲೆಯಿದೆ, ನಿಧಾನ', 'ವೇಗದ ಮಿತಿ ಇಷ್ಟು' ಎಂಬ ಫಲಕಗಳೆಲ್ಲ ಕೊನೆಗೆ ಅವನ ಮೇಜಿಗೆ ಬರಬೇಕು. ಅವನು ಬಣ್ಣ ನೋಡಿ, ಅಂಚು ಸವರಿ, ಅಂಕಿಯ ಅಳತೆ ಹಿಡಿದು, ಹಿಂಬದಿಗೆ 'ಸರಿಯಿದೆ' ಎಂದು ಮೊಹರು ಒತ್ತಬೇಕು. ಫಲಕಗಳ ಮಾತನ್ನು ಜಗತ್ತಿನಲ್ಲಿ ಯಾರಾದರೂ ಅಕ್ಷರಶಃ ನಂಬಿದ್ದರೆ ಅದು ಅವನೊಬ್ಬನೇ. ಹನ್ನೆರಡು ವರ್ಷದಿಂದ ಅವನ ಕಾರು ನಲವತ್ತು ಕಿಲೋಮೀಟರ್ ವೇಗವನ್ನು ದಾಟಿರಲಿಲ್ಲ. ಒಮ್ಮೆ ಬೀದಿನಾಯಿಯೊಂದು ಕಾರನ್ನು ಅಟ್ಟಿಸಿಕೊಂಡು ಬಂದು, ಮುಂದೆ ಹೋಗಿ, ಬೇಜಾರಾಗಿ ವಾಪಸಾದದ್ದನ್ನು ಕಂಡವರಿದ್ದಾರೆ.

ಆ ಹೆಸರು ಇಟ್ಟವನು ಹೊರಗಿನವನಲ್ಲ. ಅವನ ಸ್ವಂತ ಭಾಮೈದ, ಹೆಂಡತಿಯ ತಮ್ಮ. ಅವನಿಗೆ ಅದೇ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಕೆಲಸ ಕೊಡಿಸಲು ಮೂರು ತಿಂಗಳು ಮೇಲಿನವರ ಹಿಂದೆ ಓಡಾಡಿದವನು ನಲವತ್ತೇ. ಭಾಮೈದ ಋಣ ಮರೆಯುವವನಲ್ಲ. ಸೇರಿದ ಮೊದಲ ವಾರವೇ, ಅಂಚು ಸೊಟ್ಟಗಾಗಿ ತಿರಸ್ಕೃತವಾಗಿದ್ದ '40'ರ ಗುಂಡು ಫಲಕವೊಂದನ್ನು ತಂದು, ಭಾವನ ಕುರ್ಚಿಯ ಹಿಂದಿನ ಗೋಡೆಗೆ, ತಲೆಯ ನೇರಕ್ಕೆ, ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕಾರ್ಖಾನೆಗೆ ಬಂದವರು ಮೊದಲು ಫಲಕ ನೋಡುತ್ತಿದ್ದರು, ಆಮೇಲೆ ಅದರ ಕೆಳಗಿನ ಮುಖ ನೋಡುತ್ತಿದ್ದರು, ಆಮೇಲೆ ಕೆಮ್ಮುವವರಂತೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಆರು ವರ್ಷ ಹೀಗೇ ನಡೆದಿತ್ತು.

ಕೊನೆಗೊಂದು ದಿನ ತಡೆಯಲಾರದೆ ನಲವತ್ತು ಮೇಲ್ವಿಚಾರಕಿಯ ಮುಂದೆ ಹೋಗಿ ನಿಂತ. "ಮೇಡಂ, ಆ ಫಲಕ ತೆಗೆಸ್ಬೇಕು."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅದರಲ್ಲಿ ತಪ್ಪೇನಿದೆ ಹೇಳು. ನೀನೇ ಪರೀಕ್ಷಕ."

"ನಾನೂ ಜೋರಾಗಿ ಓಡಿಸ್ತೀನಿ ಮೇಡಂ. ಓಡಿಸೋ ಜಾಗದಲ್ಲಿ."

"ಹಂಗಾದ್ರೆ ನೂರು ದಾಟಿದ್ದಕ್ಕೆ ಫೋಟೋ ತಂದು ತೋರ್ಸು. ನಾನೇ ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದು ಬಿಚ್ತೀನಿ."

ಅವನು ಟ್ರ್ಯಾಕಿಗೆ ಅರ್ಜಿ ಹಾಕಿದ. ಓಟದ ಭಾನುವಾರಕ್ಕೆ ಹತ್ತು ದಿನ ಮುಂಚೆ ಆ ಪತ್ರ ಬಂತು. ಬೇರೆಯವನಾಗಿದ್ದರೆ ಮರುದಿನವೇ ಅಂಗಡಿಗೆ ಹೋಗಿ ಹೆಲ್ಮೆಟ್ ತರುತ್ತಿದ್ದ. ಆದರೆ ನಲವತ್ತು ಪರೀಕ್ಷಕನಲ್ಲವೇ. ಒಂಬತ್ತು ದಿನ ಹೆಲ್ಮೆಟ್ಟಿನ ಬಗ್ಗೆ ಓದಿದ. ಬೈಕಿನ ಹೆಲ್ಮೆಟ್ಟಿಗೂ ಕಾರಿನದ್ದಕ್ಕೂ ವ್ಯತ್ಯಾಸವೇನು, ಒಳಗಿನ ಬಟ್ಟೆ ಬೆಂಕಿಗೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ, ಗುಣಮಟ್ಟದ ಮುದ್ರೆ ಯಾವ ಮೂಲೆಯಲ್ಲಿರಬೇಕು, ಎಲ್ಲ ಓದಿದ. ಓದಿದ್ದನ್ನು ಒಳಗಿಟ್ಟುಕೊಳ್ಳುವ ಜಾತಿಯೂ ಅಲ್ಲ. ಟೀ ಹೊತ್ತಿಗೆ ದಿನವೂ ಪ್ರವಚನ.

"ಹೆಲ್ಮೆಟ್ ಅಂದ್ರೆ ಸಿಕ್ಕವರ ತಲೆ ಮೇಲೆ ಮಗುಚೋ ಪಾತ್ರೆ ಅಲ್ಲ. ಬೆರಳಚ್ಚಿದ್ದಂಗೆ. ಹಿಡಿದು ಅಲ್ಲಾಡಿಸಿದ್ರೆ ಕೆನ್ನೆ ಚರ್ಮನೂ ಜೊತೆಗೇ ಬರ್ಬೇಕು. ಯಾರ ತಲೆಗೆ ಹಂಗೆ ಕೂರುತ್ತೋ ಅದು ಅವರ ಹೆಲ್ಮೆಟ್. ಎರಡನೇ ಮಾತೇ ಇಲ್ಲ!"

ಮೇಡಂ ಟೀ ಕುಡಿಯುತ್ತ ತಲೆಯಾಡಿಸುತ್ತಿದ್ದರು. ಅವರಿಗೆ ಒಮ್ಮೆ ಕೇಳಿದ್ದು ಮರೆಯುವುದಿಲ್ಲ.

ಹೀಗೆ ಹೆಲ್ಮೆಟ್ ವಿಷಯದಲ್ಲಿ ಪಂಡಿತನಾಗಿ, ಹೆಲ್ಮೆಟ್ ಮಾತ್ರ ಇಲ್ಲದೆ, ಭಾನುವಾರ ಬೆಳಗ್ಗೆ ನಲವತ್ತು ಎದ್ದ. ಟ್ರ್ಯಾಕಿನಲ್ಲಿ ಅವನ ಸರದಿ ಮಧ್ಯಾಹ್ನ ಮೂರಕ್ಕೆ. ಎಂಟು ಗಂಟೆಗೆ, ಊರಿನಲ್ಲಿ ಅಂಥ ಸಾಮಾನು ಮಾರುವ ಒಂದೇ ಒಂದು ಅಂಗಡಿಗೆ ಫೋನ್ ಮಾಡಿದ.

"ಮುಖ ಪೂರ್ತಿ ಮುಚ್ಚೋದು ಎರಡೇ ಪೀಸ್ ಇದೆ ಸರ್," ಎಂದಳು ಅಂಗಡಿಯಾಕೆ. "ಒಂದು ಐವತ್ತೇಳು ಸೆಂಟಿಮೀಟರು, ಒಂದು ಅರವತ್ತು. ಒಂಬತ್ತಕ್ಕೆ ಇನ್ನೊಬ್ರು ಬರ್ತಿದಾರೆ. ಹುಬ್ಬಿನ ಮೇಲಿಂದ ಸುತ್ತ ಟೇಪ್ ಹಿಡಿದು ಅಳತೆ ಹೇಳಿ. ನಿಮ್ಮದು ಎತ್ತಿಟ್ಟು ಮಿಕ್ಕಿದ್ದು ಅವರಿಗೆ ಕೊಡ್ತೀನಿ."

ಮನೆಯಲ್ಲಿದ್ದದ್ದು ಕಾರ್ಖಾನೆಯ ಉಕ್ಕಿನ ಟೇಪು. ಅದನ್ನು ಹಣೆಗೆ ಸುತ್ತಲು ಹೋದಾಗ ಅದು ಚಟ್ಟನೆ ಚಿಮ್ಮಿ ಕಿವಿಗೆ ಬಾರಿಸಿತು. ಕಿವಿ ಉಜ್ಜಿಕೊಳ್ಳುತ್ತ ಕೆಳಗಿನ ಮನೆಯ ಟೈಲರ್ ಬಾಗಿಲು ತಟ್ಟಿದ. ಟೈಲರ್ ಮೂವತ್ತೈದು ವರ್ಷದಿಂದ ಆ ಬೀದಿಯ ಸಮಸ್ತರ ಹೊಟ್ಟೆ ಬೆಳೆದ ಬಗೆಯನ್ನು ಟೇಪಿನಲ್ಲಿ ಕಂಡವನು. ಆದರೆ ತಲೆಯ ಅಳತೆ ಕೇಳಿಕೊಂಡು ಬಂದವರಲ್ಲಿ ಇವನೇ ಮೊದಲಿಗ. ಟೈಲರಿಗೆ ಹುರುಪು ಬಂತು. ಹಣೆಗೆ ಟೇಪು ಸುತ್ತಿದ, ಒಂದು ಕಣ್ಣು ಮುಚ್ಚಿ ನೋಡಿದ, ತುಟಿಯಲ್ಲೇ ಏನೋ ಲೆಕ್ಕ ಹಾಕಿದ.

"ಅರವತ್ತು," ಎಂದ.

ನಲವತ್ತು ಅಲ್ಲಿಂದಲೇ ಫೋನ್ ಮಾಡಿ ಅರವತ್ತರದ್ದನ್ನು ಎತ್ತಿಡಲು ಹೇಳಿದ. ಮೇಲೆ ಬಂದು ಹೆಂಡತಿಗೂ ಹೇಳಿದ.

"ಅರವತ್ತಾ? ನಿಮ್ಮ ತಲೇನಾ?" ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಅರವತ್ತು ನಮ್ಮ ತವರಿನವರ ತಲೆಯಪ್ಪ. ನಿಮಗೆಲ್ಲಿಂದ ಬಂತು?"

"ಅಳತೆ ಹಿಡಿದವನು ಟೈಲರು. ಅವನ ಹತ್ರ ಕೇಳು," ಎಂದ ನಲವತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಅವನ ತಲೆ ಹೆಂಡತಿಯ ತವರಿನ ಮಟ್ಟಕ್ಕೆ ಏರಿತ್ತು. ಅವನು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತ.

ಅಷ್ಟರಲ್ಲಿ ಭಾಮೈದ ಬೈಕಿನಲ್ಲಿ ಬಂದಿಳಿದ. "ನೂರಿಪ್ಪತ್ತರಲ್ಲಿ ಬಂದೆ ಅಕ್ಕ," ಎಂದ. ಅವನು ಎಲ್ಲಿಗೆ ಬಂದರೂ ನೂರಿಪ್ಪತ್ತರಲ್ಲೇ ಬರುತ್ತಿದ್ದ. ಕಾರ್ಖಾನೆಗೆ ಮಾತ್ರ ದಿನಾ ಅರ್ಧ ಗಂಟೆ ತಡ. ಟ್ರ್ಯಾಕಿನ ಕ್ಯಾಂಟೀನು ಚೆನ್ನಾಗಿದೆ ಎಂದು ಕೇಳಿದ್ದರಿಂದ ಭಾವನಿಗೆ ಜೊತೆಯಾಗುವ ಪ್ರೀತಿ ಉಕ್ಕಿತ್ತು.

"ಹೋಗೋ, ಜೊತೆಗಿರು," ಎಂದಳು ಅಕ್ಕ. "ಎಲ್ಲಾದ್ರೂ ಹಸುಗಿಸು ಅಡ್ಡ ಬಂದ್ರೆ ಇವರು ಅದು ಮಲಗಿ ಎದ್ದು ಹೋಗೋವರೆಗೂ ಕಾಯ್ತಾರೆ."

ಅಂಗಡಿಯಲ್ಲಿ ಅಂಗಡಿಯಾಕೆ ಅರವತ್ತರ ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ತಲೆಗೆ ಇಳಿಸಿದಳು. "ಎಡಕ್ಕೆ ತಿರುಗಿ ಸರ್."

ನಲವತ್ತು ಎಡಕ್ಕೆ ತಿರುಗಿದ. ಹೆಲ್ಮೆಟ್ ನೇರವಾಗಿಯೇ ನೋಡುತ್ತಿತ್ತು.

"ಇದು ನಿಮ್ಮ ತಲೆಯ ಅಳತೆ ಅಲ್ಲ," ಎಂದು ಅವಳು ತಾನೇ ಟೇಪು ಹಿಡಿದಳು. "ಐವತ್ತೇಳು! ಅರವತ್ತು ಅಂತ ಯಾರು ಹೇಳಿದ್ದು?"

"ಐವತ್ತೇಳರದ್ದು?"

"ಈಗ ತಾನೇ ಹೋಯ್ತು. ಬಾಗಿಲಲ್ಲಿ ಎದುರಾದ್ರಲ್ಲ, ಚೀಲ ಹಿಡ್ಕೊಂಡು, ಅವರೇ."

ನಲವತ್ತು ಟೈಲರಿಗೆ ಫೋನ್ ಮಾಡಿದ. "ನನ್ನ ತಲೆ ಎಷ್ಟಿತ್ರೀ?"

"ಐವತ್ತೇಳು," ಎಂದ ಟೈಲರ್, ಸಮಾಧಾನವಾಗಿ.

"ಮತ್ತೆ ಅರವತ್ತು ಅಂದ್ರಿ?"

"ಎರಡು ಬೆರಳು ಸಡಿಲ ಬಿಡದೆ ಯಾರಾದ್ರೂ ಅಳತೆ ಕೊಡ್ತಾರೇನ್ರೀ? ನಾಳೆ ದಪ್ಪ ಆದ್ರೆ?"

"ತಲೆ ಹೆಂಗ್ರೀ ದಪ್ಪ ಆಗುತ್ತೆ?"

"ಒಗೆದ್ಮೇಲೆ ಕುಗ್ಗುತ್ತಲ್ಲ?"

"ಹೆಲ್ಮೆಟ್ಟನ್ನ ಯಾರ್ರೀ ಒಗೀತಾರೆ!"

"ಅದೆಲ್ಲ ನಂಗೊತ್ತಿಲ್ಲ. ಮೂವತ್ತೈದು ವರ್ಷದಲ್ಲಿ ಬಿಗಿ ಆಯ್ತು ಅಂತ ಒಬ್ರೂ ವಾಪಸ್ ತಂದಿಲ್ಲ," ಎಂದು ಟೈಲರ್ ಫೋನ್ ಇಟ್ಟ.

ಅಂಗಡಿಯಾಕೆ ಒಳ್ಳೆಯವಳು. ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದಳು. ಅದು ಮುಖ ತೆರೆದಿರುವ ಹೆಲ್ಮೆಟ್ಟು. ತಲೆ, ಕಿವಿ, ಕೆನ್ನೆ ಮುಚ್ಚುತ್ತದೆ, ಹಣೆಯಿಂದ ಗದ್ದದವರೆಗೆ ಬಯಲು. ಅಳತೆ ಐವತ್ತೇಳು. ಹಾಕಿದರೆ ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಎಂಬಂತೆ ಕೂತಿತು. ಹಿಡಿದು ಅಲ್ಲಾಡಿಸಿದರೆ ಕೆನ್ನೆಯ ಚರ್ಮ ಕೂಡ ಜೊತೆಗೇ ಬಂತು.

"ಮೇಲೆ ಛಾವಣಿ ಇರೋ ಕಾರಿಗೆ ಇದು ಧಾರಾಳ ಸಾಕು," ಎಂದಳು. "ಟ್ರ್ಯಾಕ್‌ನವರೂ ಒಪ್ತಾರೆ. ಗಾಳಿ ಆಡುತ್ತೆ, ಕನ್ನಡಕ ಹಾಕ್ಕೋಬಹುದು, ಮುಖಾನೂ ಚೆನ್ನಾಗಿ ಕಾಣುತ್ತೆ."

ನಲವತ್ತು ಕನ್ನಡಿ ನೋಡಿದ. ಒಂಬತ್ತು ದಿನದ ಓದು ಇದನ್ನೇ ತೆಗೆದುಕೋ ಎಂದು ಅವನ ಕಿವಿಯಲ್ಲಿ ಕಿರುಚುತ್ತಿತ್ತು. ಆದರೆ ಕನ್ನಡಿಯಲ್ಲಿದ್ದದ್ದು ಅದೇ ಹಳೆಯ ಮುಖ, ಆರು ವರ್ಷ ಫಲಕದ ಕೆಳಗೆ ಕೂತ ಮುಖ.

"ಭಾವ," ಎಂದ ಭಾಮೈದ, ಕೈಗವಸುಗಳ ರಾಶಿಯಿಂದ ತಲೆಯೆತ್ತಿ, "ಮೊಟ್ಟೆ ಒಡ್ಕೊಂಡು ಇಣುಕ್ತಿರೋ ಮರಿ ಥರ ಕಾಣ್ತೀರ."

ಅಷ್ಟು ಸಾಕಾಯಿತು. ನಲವತ್ತು ಅದನ್ನು ಕಿತ್ತು ಅರವತ್ತರದ್ದನ್ನು ಮತ್ತೆ ಹಾಕಿಕೊಂಡು, ಮುಂದಿನ ಕಪ್ಪು ಗಾಜನ್ನು ಟಪ್ಪೆಂದು ಇಳಿಸಿದ. ಕನ್ನಡಿಯಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಯಾರ ಮಾತಿಗೂ ಸೊಪ್ಪು ಹಾಕುವವನಲ್ಲ, ಯಾವ ಫಲಕವನ್ನೂ ಓದುವವನಲ್ಲ. ಆ ಮನುಷ್ಯ ನಲವತ್ತಿಗೆ ತುಂಬಾ ಹಿಡಿಸಿದ.

"ಇದೇ ಕೊಡಿ."

"ಸರ್, ನಿಮ್ಮ ತಲೆ ಇದಕ್ಕೆ ಸಾಲಲ್ಲ. ಅಲ್ಲಿ ಪರೀಕ್ಷೆ ಮಾಡೋರು ಹಿಡಿದು ತಿರುಗಿಸಿ ನೋಡ್ತಾರೆ. ಅಲ್ಲಾಡಿದ್ರೆ ಒಳಗೆ ಬಿಡಲ್ಲ. ನಾನೂ ವಾಪಸ್ ತಗೊಳಲ್ಲ."

"ಅದಕ್ಕೆ ಉಪಾಯ ಇದೆ," ಎಂದ ನಲವತ್ತು. ಇರಲಿಲ್ಲ.

ಉಪಾಯ ಹೊಳೆದದ್ದು ಮನೆ ತಲುಪುವಾಗ. ತಪ್ಪು ಮಾಡಿದವನೇ ತಿದ್ದಲಿ. ಭಾಮೈದನನ್ನು ಅಕ್ಕನ ಜೊತೆ ಊಟಕ್ಕೆ ಕೂರಿಸಿ, ನಲವತ್ತು ಹೆಲ್ಮೆಟ್ ಹಿಡಿದು ಟೈಲರ್ ಮನೆಗೆ ಇಳಿದ. ತಲೆಗೂ ಹೆಲ್ಮೆಟ್ಟಿಗೂ ನಡುವೆ ಉಳಿದ ಜಾಗ ತುಂಬುವಂತೆ ಬಟ್ಟೆಯ ಮೂರು ಪದರದ ಒಂದು ಕುಲಾವಿ ಬೇಕು, ಗದ್ದದ ಕೆಳಗೆ ಕಟ್ಟುವಂಥದ್ದು, ಒಂದು ಗಂಟೆಯೊಳಗೆ.

ಟೈಲರ್ ಬಳಿ ಆ ಹೊತ್ತಿಗೆ ದಪ್ಪನೆಯ ಹತ್ತಿ ಬಟ್ಟೆ ಇದ್ದದ್ದು ಒಂದೇ ತುಂಡು. ಯಾರದ್ದೋ ಹಸುಗೂಸಿನ ಹೊದಿಕೆ ಹೊಲಿದು ಉಳಿದದ್ದು. ತಿಳಿನೀಲಿ ಬಟ್ಟೆಯ ಮೇಲೆ ಸಾಲು ಸಾಲು ಹಳದಿ ಬಾತುಕೋಳಿಗಳು.

"ಬೇರೆ ಬಣ್ಣ ಇಲ್ವೇನ್ರೀ?"

"ಒಳಗೆ ಹಾಕ್ಕೊಳೋದನ್ನ ಯಾರು ನೋಡ್ತಾರೆ?" ಎಂದ ಟೈಲರ್. ಅಳತೆ ಹಿಡಿದು, ಅಭ್ಯಾಸಬಲದಿಂದ ತುಟಿ ಅಲುಗಿಸತೊಡಗಿದ.

"ಸಡಿಲ ಬಿಟ್ರೆ ನೋಡಿ!"

ಜೀವಮಾನದಲ್ಲಿ ಮೊದಲ ಬಾರಿಗೆ ಟೈಲರ್ ಬಿಗಿಯಾಗಿ ಹೊಲಿದ. ಹೊಲಿಯುವಾಗ ಅವನ ಮುಖದಲ್ಲಿ, ಕೆಟ್ಟ ಕೆಲಸಕ್ಕೆ ಬಲವಂತವಾಗಿ ಇಳಿದವನ ಸಂಕಟವಿತ್ತು. ನಲವತ್ತು ಹಾಕಿ ನೋಡಿದ. ಬಾತುಕೋಳಿಗಳ ಮೇಲೆ ಹೆಲ್ಮೆಟ್ ಗಟ್ಟಿಯಾಗಿ ಕೂತಿತು. ಅವನು ಕುಲಾವಿಯನ್ನು ಮಡಿಸಿ ಪ್ಯಾಂಟಿನ ಜೇಬಿಗೆ ತುರುಕಿದ. ಇದನ್ನು ಯಾರಿಗೂ ಹೇಳಬಾರದೆಂದು ಟೈಲರಿನಿಂದ ಆಣೆ ಹಾಕಿಸಿಕೊಂಡ. ಭಾಮೈದನ ಕಣ್ಣಿಗೆ ಆ ಬಾತುಕೋಳಿಗಳು ಬಿದ್ದರೆ ನಾಳೆ ಗೋಡೆಗೆ ಇನ್ನೊಂದು ಫಲಕ ಬರುವುದು ಖಂಡಿತವಿತ್ತು.

ಟ್ರ್ಯಾಕಿಗೆ ಹೋಗುವ ಹೆದ್ದಾರಿಯಲ್ಲಿ ಅವನು ನಲವತ್ತರಲ್ಲೇ ಹೋದ. ಹಿಂದಿನ ಲಾರಿಯವರು ಹಾರನ್ ಒತ್ತಿ ಒತ್ತಿ ಸುಸ್ತಾದರು. ಭಾಮೈದ ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆದ.

ಗೇಟಿನ ಒಳಗೆ ಕಾರು ನಿಲ್ಲಿಸಿ ನಲವತ್ತು ಹೇಳಿದ, "ನೀನು ಕ್ಯಾಂಟೀನ್‌ಗೆ ಹೋಗು. ಏನು ಬೇಕೋ ತಗೋ, ಎಷ್ಟು ಬೇಕಾದ್ರೂ ತಗೋ. ನಾನು ಮುಗಿಸಿ ಅಲ್ಲಿಗೇ ಬರ್ತೀನಿ."

ಭಾಮೈದ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಅವನು ಮರೆಯಾದ ಮೇಲೆ ನಲವತ್ತು ಸ್ಟಿಯರಿಂಗಿನ ಕೆಳಗೆ ಬಗ್ಗಿ, ಕಳ್ಳಮಾಲು ಸಾಗಿಸುವವನಂತೆ ಅತ್ತಿತ್ತ ನೋಡಿ, ಕುಲಾವಿ ಕಟ್ಟಿಕೊಂಡು ಅದರ ಮೇಲೆ ಹೆಲ್ಮೆಟ್ ಇಳಿಸಿದ. ಟ್ರ್ಯಾಕಿನ ಪರೀಕ್ಷಕ ಬಂದು ಹೆಲ್ಮೆಟ್ ಹಿಡಿದು ಬಲಕ್ಕೆ ತಿರುಗಿಸಿದ. ಹೆಲ್ಮೆಟ್ಟಿನ ಜೊತೆ ಇಡೀ ನಲವತ್ತು ಬಲಕ್ಕೆ ತಿರುಗಿದ.

"ಅಳತೆ ಅಂದ್ರೆ ಇದಪ್ಪ," ಎಂದ ಪರೀಕ್ಷಕ. "ಹೋಗಿ ಬನ್ನಿ. ಕಿಟಕಿ ಗಾಜು ಇಳಿಸಿರ್ಬೇಕು."

ಮೊದಲ ಸುತ್ತಿನಲ್ಲಿ ಮುಳ್ಳು ನಲವತ್ತಕ್ಕೆ ಬಂದು ಅಭ್ಯಾಸದಂತೆ ನಿಂತಿತು. ನಲವತ್ತು ಉಸಿರು ಬಿಗಿಹಿಡಿದು ಕಾಲು ಒತ್ತಿದ. ನಲವತ್ತೊಂದು. ಆಕಾಶ ಕಳಚಿ ಬೀಳಲಿಲ್ಲ. ಐವತ್ತು, ಎಪ್ಪತ್ತು. ಹಳೆಯ ಕಾರು ತನ್ನೊಳಗೆ ಇಂಥದ್ದೂ ಇತ್ತೇ ಎಂದು ತಾನೇ ಬೆಚ್ಚಿ ನಡುಗಿತು. ಮೂರನೆಯ ಸುತ್ತಿನ ನೇರ ದಾರಿಯಲ್ಲಿ ತೊಂಬತ್ತು ದಾಟಿತು, ನೂರು ದಾಟಿತು. ನಲವತ್ತು ಬಾಯ್ಬಿಟ್ಟು ಕೂಗಿದ. ಏನು ಕೂಗಿದ ಎಂಬುದು ಅವನಿಗೇ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ನೇರ ದಾರಿಯ ಕೊನೆಯಲ್ಲಿ ವೇಗ ತೋರಿಸುವ ದೊಡ್ಡ ದೀಪದ ಹಲಗೆಯಿತ್ತು. ಅಲ್ಲೇ ಟ್ರ್ಯಾಕಿನ ಫೋಟೋಗ್ರಾಫರ್ ಕಾದಿದ್ದ. ಓಟ ಮುಗಿದ ಮೇಲೆ ಫೋಟೋ ಕೈಗೆ ಬಂತು, ಫೋನಿಗೂ ಬಂತು. ಎಂಥ ಫೋಟೋ! ಕಾರಿನ ನಂಬರ್ ಸ್ಪಷ್ಟ, ಹಲಗೆಯ ಮೇಲೆ 112 ಸ್ಪಷ್ಟ, ತೆರೆದ ಕಿಟಕಿಯಲ್ಲಿ ಕಪ್ಪು ಗಾಜಿನ ಹೆಲ್ಮೆಟ್ ಅದಕ್ಕಿಂತ ಸ್ಪಷ್ಟ. ನಲವತ್ತು ಬೆವರಿನಲ್ಲಿ ತೊಯ್ದ ಬಾತುಕೋಳಿಗಳನ್ನು ಜೇಬಿಗೆ ಸೇರಿಸಿ, ಎದೆಯುಬ್ಬಿಸಿ ಕ್ಯಾಂಟೀನಿಗೆ ನಡೆದ.

ವಾಪಸು ಬರುವಾಗ ಭಾಮೈದ ಫೋಟೋ ನೋಡಿ ನಿಜಕ್ಕೂ ಬೆರಗಾದ. "ಭಾವ, ಇದನ್ನ ನನ್ನ ಫೋನಿಗೆ ಕಳ್ಸ್ಕೊಂಡಿದೀನಿ. ಆಫೀಸಿನ ಗ್ರೂಪಿಗೆ ನಾನೇ ಹಾಕ್ಲಾ? ನೀವು ಗಾಡಿ ಓಡಿಸ್ತಿದೀರ."

ಮೊದಲ ಬಾರಿಗೆ ಭಾಮೈದನ ಮೇಲೆ ಅವನಿಗೆ ಮಮತೆ ಉಕ್ಕಿತು. "ಹಾಕಪ್ಪ," ಎಂದ.

ಭಾಮೈದ ಹಾಕಿದ. ಫೋಟೋ ಮಾತ್ರ, ಒಂದಕ್ಷರವೂ ಇಲ್ಲದೆ.

ನಲವತ್ತು ಮನೆಗೆ ಬಂದು, ಕುಲಾವಿಯನ್ನು ಹೆಂಡತಿಯ ಕೈಗೆ ಗುಟ್ಟಾಗಿ ಒಗೆಯಲು ಕೊಟ್ಟು, ಫೋನ್ ತೆರೆದ. ಮೂವತ್ತೇಳು ಸಂದೇಶಗಳು. 'ಭಲೇ ಹುಲಿ!' 'ನೂರಿಪ್ಪತ್ತು ಅಂತಿದ್ದದ್ದು ಸುಳ್ಳಲ್ಲ ಬಿಡು!' 'ಭಾವನ ಡಬ್ಬಾ ಕಾರಲ್ಲೇ ಇಷ್ಟು ಓಡಿಸಿದೀಯಲ್ಲೋ!' ಎಲ್ಲವೂ ಭಾಮೈದನಿಗೆ. ಪ್ರತಿಯೊಂದರ ಕೆಳಗೂ ಭಾಮೈದನ ಜೋಡಿಸಿದ ಕೈಗಳು.

"ಏನೋ ಇದು?" ಎಂದು, ಇನ್ನೂ ಅಲ್ಲೇ ಕೂತಿದ್ದ ಭಾಮೈದನ ಮುಂದೆ ಫೋನ್ ಹಿಡಿದ.

"ನಾನೇನು ನಾನೇ ಓಡ್ಸಿದ್ದು ಅಂದ್ನಾ ಭಾವ?" ಭಾಮೈದನಿಗೆ ಬೇಜಾರಾಯಿತು. "ಅವರು ಭಲೇ ಅಂದ್ರು, ನಾನು ಕೈ ಮುಗಿದೆ. ಮನುಷ್ಯನಿಗೆ ಮರ್ಯಾದೆ ಅನ್ನೋದು ಬೇಡ್ವಾ?"

ನಲವತ್ತು ತಾನೇ ಬರೆದು ಹಾಕಿದ: 'ಓಡಿಸಿದ್ದು ನಾನು.' ಹತ್ತೊಂಬತ್ತು ಜನ ನಗುವ ಮುಖಗಳನ್ನು ಕಳಿಸಿದರು.

ಸೋಮವಾರ ಬೆಳಗ್ಗೆ ಅವನು ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಕಾರ್ಖಾನೆಗೆ ಹೋದ. ಅವನ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ಮೇಡಂ ಮಾತಿಗೆ ತಪ್ಪುವವರಲ್ಲ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಬಂದಿದ್ದರು.

"ಮೇಡಂ, ನೋಡಿ ಟ್ರ್ಯಾಕಿನ ರಸೀದಿ. ನನ್ನ ಹೆಸರಲ್ಲೇ ಇದೆ."

"ಟಿಕೆಟ್ ತಗೊಂಡವರೆಲ್ಲ ಸಿನಿಮಾದಲ್ಲಿ ನಟಿಸಿರ್ತಾರೇನಪ್ಪ?" ಎಂದರು ಮೇಡಂ. ಭಾಮೈದನ ಕಡೆ ತಿರುಗಿದರು. "ನೀನು ಹೇಳು. ಓಡ್ಸಿದ್ದು ಯಾರು?"

ಭಾಮೈದ ನೆಲ ನೋಡುತ್ತ ವಿನಯದ ಮುದ್ದೆಯಾದ. "ಯಾರು ಓಡ್ಸಿದ್ರೇನು ಮೇಡಂ. ನಮ್ಮ ಮನೆ ಕಾರಲ್ವಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕೈಯೆತ್ತಿ ಸುಮ್ಮನಾಗಿಸಿದರು.

"ಇದಕ್ಕೆ ಜಗಳ ಯಾಕೆ? ಇವನೇ ಒಂಬತ್ತು ದಿನ ಪಾಠ ಹೇಳಿದಾನೆ. ಹೆಲ್ಮೆಟ್ ಅಂದ್ರೆ ಬೆರಳಚ್ಚಿದ್ದಂಗೆ. ಯಾರ ತಲೆಗೆ ಕೂರುತ್ತೋ ಅದು ಅವರದ್ದು, ಎರಡನೇ ಮಾತಿಲ್ಲ. ಫೋಟೋದಲ್ಲಿರೋದು ಇದೇ ಹೆಲ್ಮೆಟ್ ತಾನೇ? ಹಾಕು ನೋಡೋಣ."

ನಲವತ್ತು ಖಾಲಿ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡ. ಹಾಕಿಕೊಂಡ. ಮೇಡಂ ಹಿಡಿದು ತಿರುಗಿಸಿದರು. ಹೆಲ್ಮೆಟ್ ಅರ್ಧ ಸುತ್ತು ಹೋಯಿತು, ನಲವತ್ತು ಇದ್ದಲ್ಲೇ ಇದ್ದ. ಒಳಗಿನ ಕತ್ತಲಲ್ಲಿ ಅವನಿಗೆ ನಗು ಮಾತ್ರ ಕೇಳಿಸಿತು.

"ಈಗ ನೀನು."

ಭಾಮೈದ ಹಾಕಿಕೊಂಡ. ಹೆಂಡತಿಯ ತವರಿನ ತಲೆ, ಅರವತ್ತಕ್ಕೆ ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಡಂ ತಿರುಗಿಸಿದರೆ ಇಡೀ ಭಾಮೈದ ತಿರುಗಿದ. ಕಪ್ಪು ಗಾಜು ಎತ್ತಿ ನೋಡಿದರೆ ಕೆನ್ನೆಯ ಚರ್ಮವೂ ಜೊತೆಗೇ ಬಂದಿತ್ತು.

"ಮೇಡಂ, ಒಳಗೆ ಕುಲಾವಿ ಇತ್ತು!" ನಲವತ್ತು ಮಾನ ಬಿಟ್ಟು ಕೂಗಿದ. "ಮೂರು ಪದರದ್ದು! ಅದನ್ನ ಹಾಕ್ಕೊಂಡ್ರೆ ನನಗೇ ಸರಿಯಾಗಿ ಕೂರುತ್ತೆ!"

"ಕುಲಾವಿನಾ? ಎಂಥಾ ಕುಲಾವಿ?"

"ಬಾತುಕೋಳಿ ಇರೋದು."

"ಎಲ್ಲಿದೆ?"

"ಹಗ್ಗದ ಮೇಲೆ ಒಣಗ್ತಿದೆ."

ಬಣ್ಣದ ವಿಭಾಗದವನೊಬ್ಬ ನಕ್ಕು ನಕ್ಕು ನೆಲಕ್ಕೆ ಕೂತ. ನಲವತ್ತು ಆಸೆಯಿಂದ ಭಾಮೈದನ ಕಡೆ ನೋಡಿದ. ಭಾಮೈದ ಹೆಲ್ಮೆಟ್ಟಿನೊಳಗಿಂದ ಪ್ರಾಮಾಣಿಕವಾಗಿ ಹೇಳಿದ, "ಕುಲಾವಿ ನಾನು ಕಣ್ಣಾರೆ ನೋಡಿಲ್ಲ ಭಾವ. ನೋಡದೆ ಇರೋದನ್ನ ನೋಡಿದೆ ಅಂತ ಹೆಂಗೆ ಹೇಳ್ಲಿ?"

ಮೇಡಂ ಫಲಕದ ಹತ್ತಿರ ಹೋದರು. ನಾಲ್ಕು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು. ಸ್ಕ್ರೂಡ್ರೈವರ್ ತಂದದ್ದು ವ್ಯರ್ಥವಾಗಬಾರದೆಂದು ಅದನ್ನು ಚೆನ್ನಾಗಿ ಬಿಗಿದು ಹೋದರು.

ಹೆಲ್ಮೆಟ್ಟನ್ನು ಭಾಮೈದ ಮತ್ತೆ ತೆಗೆಯಲೇ ಇಲ್ಲ. ನಿಮಗೆ ಹೇಗೂ ಸಡಿಲ ಭಾವ, ಎಂದ.

ಮಧ್ಯಾಹ್ನದ ಹೊತ್ತಿಗೆ ಬಣ್ಣದ ವಿಭಾಗದಿಂದ ನಲವತ್ತಿನ ಮೇಜಿಗೆ ಹೊಸ ಫಲಕವೊಂದು ಬಂತು. ಗುಂಡಗೆ, ಕೆಂಪು ಅಂಚಿನದ್ದು, ನಡುವೆ ದಪ್ಪಗೆ '112'. ಭಾಮೈದನ ಕುರ್ಚಿಯ ಹಿಂದೆ ಹಾಕುವುದಕ್ಕೆ. ಕಾರ್ಖಾನೆಯ ಯಾವ ಫಲಕವೂ ಪರೀಕ್ಷೆಯಾಗದೆ ಗೋಡೆ ಹತ್ತುವಂತಿರಲಿಲ್ಲ. ನಲವತ್ತು ಏನಾದರೂ ತಪ್ಪು ಸಿಕ್ಕೀತೇ ಎಂದು ಅರ್ಧ ಗಂಟೆ ಹುಡುಕಿದ. ಬಣ್ಣ ನೋಡಿದ, ಅಂಚು ಸವರಿದ, ಅಂಕಿಗಳಿಗೆ ಟೇಪು ಹಿಡಿದ. ಎಲ್ಲವೂ ಅಳತೆಗೆ ಸರಿಯಾಗಿತ್ತು. ಫಲಕವನ್ನು ಮಗುಚಿ, ಹಿಂಬದಿಗೆ 'ಸರಿಯಿದೆ' ಎಂದು ಮೊಹರು ಒತ್ತಿದ.